ನೂರಾರು ಕೋಟಿ ಸುರಿದ ಸಿನಿಮಾಗಳಲ್ಲಿ ತೂಕ ಯಾಕೆ ಕಾಣಿಸುತ್ತಿಲ್ಲ?

ಬಾಲ್ಕನಿ ಬಲಬದಿ

ಶನಿವಾರ ರಾತ್ರಿ ಹೊಸದೊಂದು ದೊಡ್ಡ ಸಿನಿಮಾ ನೋಡಿಕೊಂಡು ಬಂದೆ. ಹೆಸರು ಬೇಡ, ಯಾಕಂದ್ರೆ ಈ ಮಾತು ಆ ಒಂದು ಸಿನಿಮಾಕ್ಕೆ ಸೀಮಿತವಲ್ಲ. ಕೊನೆಯ ನಲವತ್ತು ನಿಮಿಷ ಇಡೀ ಊರು ಪುಡಿಯಾಗುತ್ತದೆ. ಕಟ್ಟಡ ಬೀಳುತ್ತದೆ, ಹಡಗು ಗಾಳಿಯಲ್ಲಿ ಹಾರುತ್ತದೆ, ನಾಯಕ ಹತ್ತನೇ ಮಹಡಿಯಿಂದ ಬಿದ್ದು ಮೈ ಕೊಡವಿಕೊಂಡು ಎದ್ದು ಓಡುತ್ತಾನೆ. ಪಕ್ಕದ ಸೀಟಿನ ಹುಡುಗ ಫೋನ್ ನೋಡುತ್ತಾ ಕೂತಿದ್ದ. ಬೈಯೋಣ ಅನ್ನಿಸಲಿಲ್ಲ. ಯಾರು ಎಲ್ಲಿದ್ದಾರೆ, ಯಾರು ಯಾವ ಕಡೆಯಿಂದ ಯಾರನ್ನ ಅಟ್ಟಿಸಿಕೊಂಡು ಬರುತ್ತಿದ್ದಾರೆ ಅಂತ ನನಗೂ ಗೊತ್ತಾಗುತ್ತಿರಲಿಲ್ಲ.

ಮನೆಗೆ ಬಂದು ನಿದ್ದೆ ಬರಲಿಲ್ಲ. ನಾನು ಇಂಥ ಸಿನಿಮಾಗಳನ್ನು ಚಿಕ್ಕಂದಿನಿಂದ ಪ್ರೀತಿಯಿಂದ ನೋಡಿಕೊಂಡು ಬಂದವನು. ಗುಂಡು, ಕಾರು, ರೋಬೋ, ಬಾಹ್ಯಾಕಾಶ, ಏನೇ ಇರಲಿ, ದೊಡ್ಡ ಪರದೆ ಮೇಲೆ ದೊಡ್ಡದೊಂದು ವಸ್ತು ಚಲಿಸಿದರೆ ನನಗೆ ಈಗಲೂ ಎದೆ ಝಲ್ ಅನ್ನುತ್ತದೆ. ಹಾಗಾಗಿ ಇದನ್ನ ದೂರು ಅಂತ ತಗೋಬೇಡಿ. ಎದೆ ಝಲ್ ಅನ್ನೋದು ಯಾಕೆ ಕಡಿಮೆಯಾಗಿದೆ ಅಂತ ಕೂತು ಯೋಚನೆ ಮಾಡಿದೆ. ನನಗೆ ಹೊಳೆದ ಉತ್ತರ ಒಂದೇ ಪದ: ತೂಕ.

ಮ್ಯಾಡ್ ಮ್ಯಾಕ್ಸ್: ಫ್ಯೂರಿ ರೋಡ್ ತಗೊಳ್ಳಿ. 2015ರ ಸಿನಿಮಾ. ಎರಡು ಗಂಟೆಯಲ್ಲಿ ಕಥೆ ಏನು ಅಂದರೆ ಮರುಭೂಮಿಯಲ್ಲಿ ಒಂದು ಟ್ಯಾಂಕರ್ ಒಂದು ದಿಕ್ಕಿಗೆ ಹೋಗುತ್ತದೆ, ಆಮೇಲೆ ತಿರುಗಿ ವಾಪಸ್ ಬರುತ್ತದೆ. ಅಷ್ಟೇ. ಆದರೆ ಒಂದು ಕ್ಷಣವೂ ನಿಮಗೆ ದಾರಿ ತಪ್ಪುವುದಿಲ್ಲ. ಆಸ್ಟ್ರೇಲಿಯಾದ ಬ್ರೋಕನ್ ಹಿಲ್‌ನಲ್ಲಿ ತೆಗೀಬೇಕು ಅಂತಿದ್ದರು, ಅಲ್ಲಿ ಭಾರಿ ಮಳೆ ಬಂದು ಮರುಭೂಮಿಯೆಲ್ಲ ಹಸಿರಾಗಿ ಹೂ ಬಿಟ್ಟಿತು. ಇಡೀ ತಂಡ ನಮೀಬಿಯಾಕ್ಕೆ ಹೋಯಿತು. ನಿರ್ದೇಶಕ ಜಾರ್ಜ್ ಮಿಲ್ಲರ್ ಚಿತ್ರಕಥೆಯನ್ನು ಮಾತಿನಲ್ಲಿ ಬರೆಯುವುದಕ್ಕಿಂತ ಚಿತ್ರಗಳಲ್ಲಿ ಬರೆಸಿದ್ದೇ ಜಾಸ್ತಿ, ಸುಮಾರು 3,500 ಚಿತ್ರಗಳು. 480 ಗಂಟೆಯಷ್ಟು ಚಿತ್ರೀಕರಣ ಆಯಿತು. ಅದನ್ನು ಕೂತು ಕತ್ತರಿಸಿದವರು ಮಾರ್ಗರೆಟ್ ಸಿಕ್ಸೆಲ್, ಮಿಲ್ಲರ್ ಅವರ ಹೆಂಡತಿ. ಅದಕ್ಕೆ ಮುಂಚೆ ಅವರು ಒಂದೇ ಒಂದು ಆಕ್ಷನ್ ಸಿನಿಮಾ ಎಡಿಟ್ ಮಾಡಿದವರಲ್ಲ. ಆ ಸಿನಿಮಾದಲ್ಲಿ 2,700ರಷ್ಟು ಕಟ್ ಇವೆ, ಆದರೂ ಕಣ್ಣಿಗೆ ಆಯಾಸ ಆಗಲ್ಲ. ಗುಟ್ಟು ಏನಪ್ಪಾ ಅಂದರೆ, ನೋಡಬೇಕಾದ ವಸ್ತುವನ್ನು ಪ್ರತಿ ಶಾಟ್‌ನಲ್ಲೂ ಚೌಕಟ್ಟಿನ ನಡುವೆಯೇ ಇಟ್ಟಿದ್ದಾರೆ. ಕಟ್ ಆದ ಮೇಲೆ ಕಣ್ಣು ಹುಡುಕುವ ಕೆಲಸವೇ ಇಲ್ಲ. ಎಡಿಟಿಂಗ್ ಸೇರಿ ಆರು ಆಸ್ಕರ್ ಬಂತು.

ಇನ್ನೊಂದು, ಟರ್ಮಿನೇಟರ್ 2. 1991. ಆಗಿನ ಕಾಲಕ್ಕೆ ಅದಕ್ಕಿಂತ ದುಬಾರಿ ಸಿನಿಮಾ ಬಂದಿರಲಿಲ್ಲ, ಹತ್ತಿರ ಹತ್ತಿರ 10 ಕೋಟಿ ಡಾಲರ್. ಕರಗಿ ಹರಿಯುವ ಲೋಹದ ಮನುಷ್ಯ ಎಲ್ಲರಿಗೂ ನೆನಪಿದ್ದಾನೆ ಅಲ್ವಾ. ಆದರೆ ಅವನನ್ನು ಕಂಪ್ಯೂಟರ್‌ನಲ್ಲಿ ಮಾಡಿದ್ದು ಸುಮಾರು ಐದು ನಿಮಿಷದಷ್ಟು ಮಾತ್ರ. ಉಳಿದದ್ದು ಸ್ಟಾನ್ ವಿನ್‌ಸ್ಟನ್ ತಂಡದ ಗೊಂಬೆ, ರಬ್ಬರು, ಫಾಯಿಲು, ಮತ್ತೆ ಆ ಪಾತ್ರದ ನಟ ರಾಬರ್ಟ್ ಪ್ಯಾಟ್ರಿಕ್ ಓಡುವ ರೀತಿ. ಹೆಲಿಕಾಪ್ಟರ್ ಸೇತುವೆ ಕೆಳಗೆ ನುಗ್ಗುವುದು ನಿಜವಾದ ಹೆಲಿಕಾಪ್ಟರ್. ಅದು ನುಗ್ಗುವಾಗ ನಾನು ಇವತ್ತಿಗೂ ತಲೆ ಬಗ್ಗಿಸುತ್ತೇನೆ.

ನನ್ನ ಅಭಿಪ್ರಾಯ ಇಷ್ಟು. ದುಡ್ಡು ಜಾಸ್ತಿ ಆಗಿದ್ದರಿಂದ ಸಿನಿಮಾ ಕೆಡಲಿಲ್ಲ. ಏನು ತೋರಿಸಬೇಕು ಅಂತ ಮೊದಲೇ ತೀರ್ಮಾನ ಮಾಡದೆ, ಎಲ್ಲಾ ತೆಗೆದುಕೊಂಡು ಆಮೇಲೆ ನೋಡೋಣ ಅನ್ನುವ ಧೈರ್ಯ ಆ ದುಡ್ಡಿನಿಂದ ಬಂದಿದೆ. ತೀರ್ಮಾನ ಇಲ್ಲದ ಕಡೆ ತೂಕ ಬರಲ್ಲ. ನೀವೇನಂತೀರಿ?

ಫಸ್ಟ್ ಡೇ ಫಸ್ಟ್ ಶೋ

ಗುರುಗಳೇ, ಬರಹ ಚೆನ್ನಾಗಿದೆ, ಆದರೆ ನಾನು ಒಪ್ಪಲ್ಲ. ಬಾಹುಬಲಿ 2ರಲ್ಲಿ ತಾಳೆ ಮರ ಬಗ್ಗಿಸಿ ಬಿಟ್ಟರೆ ಸೈನಿಕರು ಗುರಾಣಿ ಹಿಡಿದುಕೊಂಡು ಉಂಡೆಯಾಗಿ ಕೋಟೆಯೊಳಕ್ಕೆ ಹಾರುತ್ತಾರೆ. ಅದರಲ್ಲಿ ಯಾವ ತೂಕ ಇದೆ? ಆದರೆ ಥಿಯೇಟರ್ ಕಿತ್ತುಹೋಗುವಂತೆ ಶಿಳ್ಳೆ ಬಿದ್ದಿತ್ತು. ನಾನೂ ಹೊಡೆದಿದ್ದೆ. ಜನ ವಾರವೆಲ್ಲ ದುಡಿದು ಇನ್ನೂರು ಮುನ್ನೂರು ಕೊಟ್ಟು ಬರುವುದು ಆಗದೇ ಇರುವುದು ಆಗುವುದನ್ನ ನೋಡೋದಕ್ಕೆ. ನೀವು ಹೇಳುವ ಹಾಗೆ ಎಲ್ಲದಕ್ಕೂ ತಕ್ಕಡಿ ಹಿಡಿದರೆ ಮಜಾ ಹೋಗುತ್ತೆ.

ಬಾಲ್ಕನಿ ಬಲಬದಿ

ತಕ್ಕಡಿ ಹಿಡೀತಿಲ್ಲ ಮಾರಾಯರೇ. ಭೌತಶಾಸ್ತ್ರ ಸರಿ ಇರಬೇಕು ಅಂತ ನಾನು ಕೇಳಿದ್ದೇ ಅಲ್ಲ. ಆ ತಾಳೆ ಮರದ ದೃಶ್ಯ ನನಗೂ ಇಷ್ಟ! ಯಾಕೆ ಇಷ್ಟ ಅಂತ ಹೇಳ್ತೀನಿ. ಮರ ಬಗ್ಗುವುದನ್ನು ತೋರಿಸಿದ್ದಾರೆ, ಹಗ್ಗ ಬಿಗಿಯುವುದನ್ನು ತೋರಿಸಿದ್ದಾರೆ, ಗೋಡೆ ಎಷ್ಟು ಎತ್ತರ ಅಂತ ಮೊದಲೇ ತೋರಿಸಿದ್ದಾರೆ. ಬಿಟ್ಟಾಗ ಎಲ್ಲಿಗೆ ಹೋಗಿ ಬೀಳುತ್ತಾರೆ ಅನ್ನೋದು ನಮಗೆ ಗೊತ್ತು. ಆ ಸಿನಿಮಾ ತನ್ನದೇ ಒಂದು ನಿಯಮ ಹಾಕಿಕೊಂಡಿದೆ, ಅದಕ್ಕೆ ನಿಯತ್ತಾಗಿದೆ.

ಆರ್‌ಆರ್‌ಆರ್‌ನ ಸೇತುವೆ ದೃಶ್ಯ ನೆನಪು ಮಾಡಿಕೊಳ್ಳಿ. ಕೆಳಗೆ ನದಿಯಲ್ಲಿ ಹುಡುಗ, ಸುತ್ತ ಬೆಂಕಿ. ಮೇಲೆ ಒಬ್ಬ, ಕೆಳಗೆ ಒಬ್ಬ. ಇಬ್ಬರೂ ಒಬ್ಬರಿಗೊಬ್ಬರು ಗುರುತಿಲ್ಲ, ಕೈಸನ್ನೆಯಲ್ಲೇ ಮಾತಾಡಿಕೊಳ್ಳುತ್ತಾರೆ. ಒಬ್ಬ ಕುದುರೆ, ಇನ್ನೊಬ್ಬ ಬೈಕು, ನಡುವೆ ಹಗ್ಗ. ಸೇತುವೆಯ ಆ ಬದಿಗೊಬ್ಬ ಈ ಬದಿಗೊಬ್ಬ ಜಿಗಿಯುತ್ತಾರೆ. ಒಂದು ಹಾಳೆ ಮೇಲೆ ನಕ್ಷೆ ಬರಿ ಅಂದರೆ ನಾನು ಈಗಲೂ ಬರೆಯಬಲ್ಲೆ. ಶನಿವಾರ ನೋಡಿದ ಸಿನಿಮಾದ ನಕ್ಷೆ ಭಾನುವಾರ ಬೆಳಿಗ್ಗೆಯೇ ಬರೆಯಲಾಗಲಿಲ್ಲ.

ಇನ್ನೂ ಸುಲಭದ ಉದಾಹರಣೆ ಬೇಕಂದ್ರೆ ಪೆಸಿಫಿಕ್ ರಿಮ್. 2013ರ ಮೊದಲ ಭಾಗದಲ್ಲಿ ರೋಬೋಗಳು ನಿಧಾನಕ್ಕೆ ಕೈ ಎತ್ತುತ್ತವೆ. ಮಳೆ ಸುರಿಯುತ್ತಿರುತ್ತದೆ, ನೀರು ಭುಜದಿಂದ ಜಾರಿ ಬೀಳುವುದಕ್ಕೆ ಹೊತ್ತು ಹಿಡಿಯುತ್ತದೆ. ಅದರಿಂದಲೇ ಅದು ಬೆಟ್ಟದಷ್ಟು ದೊಡ್ಡದು ಅಂತ ನಂಬುತ್ತೇವೆ. 2018ರ ಎರಡನೇ ಭಾಗಕ್ಕೆ ನಿರ್ದೇಶಕರು ಬೇರೆ. ಅದರಲ್ಲಿ ಅದೇ ರೋಬೋಗಳು ಪಳಪಳ ಬಿಸಿಲಿನಲ್ಲಿ ಮನುಷ್ಯರ ಹಾಗೆ ಚಕಚಕ ಅಂತ ಓಡುತ್ತವೆ. ಎರಡೂ ಕಂಪ್ಯೂಟರ್ ಕೆಲಸವೇ. ಒಂದಕ್ಕೆ ತೂಕ ಇದೆ, ಇನ್ನೊಂದು ಆಟಿಕೆ.

ಫಸ್ಟ್ ಡೇ ಫಸ್ಟ್ ಶೋ

ಹಾಗೆ ಹೇಳಿದರೆ ಒಪ್ಪಬೇಕು. ನಕ್ಷೆ ಮಾತು ಚೆನ್ನಾಗಿದೆ. ಆದರೂ ಸ್ಟಾರ್ ಎಂಟ್ರಿಗೆ ನಕ್ಷೆ ಕೇಳಬೇಡಿ ದಯವಿಟ್ಟು.

ರೋಟೋ ರಾತ್ರಿ

ಇಲ್ಲಿ ಸಾಮಾನ್ಯವಾಗಿ ಓದಿ ಸುಮ್ನೆ ಹೋಗುತ್ತೇನೆ. ಇವತ್ತು ಬರೀಬೇಕು ಅನ್ನಿಸಿತು. ನಾನು ಬೆಂಗಳೂರಿನಲ್ಲಿ ಒಂಬತ್ತು ವರ್ಷ ವಿಎಫ್ಎಕ್ಸ್, ಅಂದರೆ ಸಿನಿಮಾ ದೃಶ್ಯಗಳಿಗೆ ಕಂಪ್ಯೂಟರ್‌ನಲ್ಲಿ ಗ್ರಾಫಿಕ್ಸ್ ಸೇರಿಸುವ ಕೆಲಸ ಮಾಡಿದ್ದೇನೆ, ಅದರಲ್ಲಿ ಆರು ವರ್ಷ ರೋಟೋ ಮತ್ತು ಪೇಂಟ್ (ಹಗ್ಗದಂಥ ಬೇಡದ್ದನ್ನು ಅಳಿಸುವುದು). ಎಲ್ಲಿ ಅಂತ ಹೇಳಲ್ಲ.

ರೋಟೋ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಟ ಓಡುತ್ತಿದ್ದಾನೆ, ಅವನ ಹಿಂದೆ ಆಮೇಲೆ ಒಂದು ರಾಕ್ಷಸ ಬರಬೇಕು. ಆ ರಾಕ್ಷಸನನ್ನು ಇಡಬೇಕು ಅಂದರೆ ನಟನ ಅಂಚನ್ನು ಹಿನ್ನೆಲೆಯಿಂದ ಬಿಡಿಸಬೇಕು. ಕೂದಲು, ಬೆರಳು, ಅಂಗಿ ತುದಿ, ಎಲ್ಲಾ. ಸೆಕೆಂಡಿಗೆ 24 ಫ್ರೇಮ್. ಐದು ಸೆಕೆಂಡಿನ ಶಾಟ್ ಅಂದರೆ 120 ಚಿತ್ರ. ಗಾಳಿಗೆ ಹಾರುವ ಉದ್ದ ಕೂದಲಿನ ನಟಿಯ ಒಂದೇ ಒಂದು ಶಾಟ್ ಮೇಲೆ ನಾನು ದಿನಗಟ್ಟಲೆ ಕೂತಿದ್ದೇನೆ. ಪರದೆ ಮೇಲೆ ಅದು ಬಂದು ಹೋಗುವುದು ಒಂದು ಸಲ ಕಣ್ಣು ಮಿಟುಕಿಸುವಷ್ಟರಲ್ಲಿ.

ಬಾಲ್ಕನಿಯವರು ತೀರ್ಮಾನ ಅಂದರಲ್ಲ, ಅದು ನೂರಕ್ಕೆ ನೂರು ಸತ್ಯ. ತೂಕ ಎಲ್ಲಿಂದ ಬರುತ್ತದೆ ಅಂದರೆ ನೆಲದಿಂದ. ರಾಕ್ಷಸ ಕಾಲಿಟ್ಟ ಕಡೆ ನೆರಳು ಸರಿಯಾಗಿ ಕೂರಬೇಕು, ಮಣ್ಣು ಏಳಬೇಕು, ಎದ್ದ ಮಣ್ಣು ಅವನ ಕಾಲಿನ ಮೇಲೆ ಮತ್ತೆ ಬೀಳಬೇಕು, ಪಕ್ಕದ ಕಾರು ಸ್ವಲ್ಪ ಅಲುಗಬೇಕು. ರಾಕ್ಷಸನಿಗಿಂತ ಈ ದೂಳಿಗೇ ಜಾಸ್ತಿ ಹೊತ್ತು ಹೋಗುತ್ತದೆ ಕೆಲವು ಸಲ. ಈಗ ಕೊನೇ ತಿಂಗಳಲ್ಲಿ ರಾಕ್ಷಸ ಎಡಗಡೆಯಿಂದ ಬೇಡ, ಬಲಗಡೆಯಿಂದ ಬರಲಿ ಅಂತ ಹೇಳಿದರು ಅನ್ನಿ. ದೂಳು, ನೆರಳು, ಬೆಳಕು ಎಲ್ಲಾ ಹೊಸದಾಗಿ ಆಗಬೇಕು. ಬಿಡುಗಡೆ ತಾರೀಕು ಮಾತ್ರ ಬದಲಾಗಲ್ಲ. ಆಗ ಮೊದಲು ಬಿಟ್ಟುಹೋಗುವುದೇ ಆ ದೂಳು. ನೀವು ಥಿಯೇಟರ್‌ನಲ್ಲಿ ಕೂತು ಗ್ರಾಫಿಕ್ಸ್ ಕೆಟ್ಟದಾಗಿದೆ ಅನ್ನುತ್ತೀರಿ. ಕೆಲಸ ಗೊತ್ತಿಲ್ಲದೆ ಹಾಗಾಗಿದ್ದಲ್ಲ, ಹೊತ್ತು ಇಲ್ಲದೆ ಹಾಗಾಗಿದ್ದು.

ಇನ್ನೊಂದು ಮಾತು. ಫ್ಯೂರಿ ರೋಡ್‌ನಲ್ಲಿ ಎಲ್ಲಾ ನಿಜ, ಗ್ರಾಫಿಕ್ಸ್ ಇಲ್ಲ ಅಂತ ತುಂಬಾ ಜನ ಹೇಳುತ್ತಾರೆ. ಅದು ತಪ್ಪು. ಅದರಲ್ಲಿ ಎರಡು ಸಾವಿರದಷ್ಟು ವಿಎಫ್ಎಕ್ಸ್ ಶಾಟ್ ಇವೆ. ಆ ದೂಳಿನ ಬಿರುಗಾಳಿ ಇಡಿಯಾಗಿ ಕಂಪ್ಯೂಟರಿನದ್ದು. ಕಾರು ನಿಜ, ಜಿಗಿದವರು ನಿಜ, ಆದರೆ ಆಕಾಶ ಬದಲಾಗಿದೆ, ಹಗ್ಗ ಅಳಿಸಲಾಗಿದೆ, ಒಂದು ಕೈ ಇಲ್ಲದ ನಾಯಕಿಯ ಪಾತ್ರ ಮಾಡಿದ ಚಾರ್ಲೀಜ್ ಥೆರಾನ್ ಕೈ ಅಳಿಸಲಾಗಿದೆ. ಆ ಕೈ ಇಲ್ಲ ಅಂತ ನೀವು ನಂಬಿದಿರಲ್ಲ, ಅದು ನನ್ನಂಥವರ ಕೆಲಸ. ನಿಜದ ಸಿನಿಮಾ, ಗ್ರಾಫಿಕ್ಸ್ ಸಿನಿಮಾ ಅಂತ ಎರಡು ಗುಂಪು ಮಾಡಿದಾಗ ನನಗೆ ಬೇಜಾರಾಗುತ್ತದೆ.

2013ರಲ್ಲಿ ಲೈಫ್ ಆಫ್ ಪೈ ಸಿನಿಮಾದ ಹುಲಿಗೆ ಆಸ್ಕರ್ ಬಂತು. ಆ ಹುಲಿಯನ್ನು ಮಾಡಿದ ರಿದಮ್ ಅಂಡ್ ಹ್ಯೂಸ್ ಕಂಪನಿ ಅದೇ ತಿಂಗಳು ದಿವಾಳಿ ಅರ್ಜಿ ಹಾಕಿತ್ತು. ಅವರ ಕೆಲಸ ಹೈದರಾಬಾದ್, ಮುಂಬೈಯಲ್ಲೂ ನಡೆಯುತ್ತಿತ್ತು. ವೇದಿಕೆ ಮೇಲೆ ಅವರ ಮೇಲ್ವಿಚಾರಕರು ಆ ವಿಷಯ ಎತ್ತುತ್ತಿದ್ದ ಹಾಗೆ ಸಂಗೀತ ಜೋರು ಮಾಡಿ ಮೈಕ್ ನಿಲ್ಲಿಸಿದರು. ಹೊರಗೆ ರಸ್ತೆಯಲ್ಲಿ ನೂರಾರು ಕಲಾವಿದರು ಪ್ರತಿಭಟನೆ ಮಾಡುತ್ತಿದ್ದರು. 2016ರ ಜಂಗಲ್ ಬುಕ್‌ನ ಕಾಡು, ಪ್ರಾಣಿ ಬಹುಪಾಲು ಎಂಪಿಸಿ ಸ್ಟುಡಿಯೋದ ಲಂಡನ್ ಮತ್ತು ನಮ್ಮ ಬೆಂಗಳೂರಿನ ಕಲಾವಿದರು ಸೇರಿ ಮಾಡಿದ್ದು. ಅದಕ್ಕೂ ಆಸ್ಕರ್ ಬಂತು. ಎಂಪಿಸಿಯ ಮಾತೃಸಂಸ್ಥೆ ಟೆಕ್ನಿಕಲರ್ 2025ರ ಫೆಬ್ರವರಿಯಲ್ಲಿ ಕುಸಿದಾಗ ಬೆಂಗಳೂರಿನಲ್ಲಿ ಸಾವಿರಾರು ಜನರ ಕೆಲಸ ಹೋಯಿತು. ನಾನು ಆ ಕಂಪನಿಯವನಲ್ಲ, ಆದರೆ ನನ್ನ ಜೊತೆ ಓದಿದ ಅರ್ಧ ಜನ ಅಲ್ಲಿದ್ದರು. ಆ ವಾರ ನಮ್ಮ ಗುಂಪಿನಲ್ಲಿ ಯಾರೂ ಸಿನಿಮಾ ಬಗ್ಗೆ ಮಾತಾಡಲಿಲ್ಲ. ಮನೆ ಬಾಡಿಗೆ, ಇಎಂಐ, ಊರಿಗೆ ಏನಂತ ಹೇಳೋದು, ಇವೇ ಮಾತು.

ಬರೆದಿದ್ದು ಉದ್ದ ಆಯ್ತು, ಕ್ಷಮಿಸಿ.

ಬಾಲ್ಕನಿ ಬಲಬದಿ

ಕ್ಷಮೆ ಯಾಕೆ ಕೇಳ್ತೀರಿ. ಈ ಚರ್ಚೆಗೆ ಬೇಕಾಗಿದ್ದೇ ನಿಮ್ಮ ಮಾತು. ಫ್ಯೂರಿ ರೋಡ್ ಬಗ್ಗೆ ನಾನು ಬರೆದಾಗ ಆ ಎರಡು ಸಾವಿರ ಶಾಟ್‌ಗಳ ಮಾತೇ ಬರಲಿಲ್ಲ, ಅದು ನನ್ನ ತಪ್ಪು. ಆ ಕೈ ಬಗ್ಗೆ ನಾನು ಹತ್ತು ವರ್ಷದಲ್ಲಿ ಒಂದು ಸಲವೂ ಯೋಚಿಸಿರಲಿಲ್ಲ.

ನಿಮ್ಮ ಮಾತು ಓದುವಾಗ ಗಾಡ್ಜಿಲ್ಲ ಮೈನಸ್ ಒನ್ ನೆನಪಾಯಿತು. 2023ರ ಜಪಾನಿ ಸಿನಿಮಾ. ಖರ್ಚು ಒಂದೂವರೆ ಕೋಟಿ ಡಾಲರ್‌ಗಿಂತ ಕಡಿಮೆ, ಅಂದರೆ ಹಾಲಿವುಡ್‌ನ ದೊಡ್ಡ ಸಿನಿಮಾದ ಹತ್ತರಲ್ಲಿ ಒಂದು ಪಾಲೂ ಇಲ್ಲ. 610 ವಿಎಫ್ಎಕ್ಸ್ ಶಾಟ್, ಕಲಾವಿದರು ಬರೀ 35 ಜನ. ನಿರ್ದೇಶಕ ತಕಾಶಿ ಯಮಜಾಕಿ ಅವರೇ ವಿಎಫ್ಎಕ್ಸ್ ಮೇಲ್ವಿಚಾರಕ. ಏನು ಬೇಕು ಅಂತ ಕೇಳೋದಕ್ಕೆ ಕಲಾವಿದರು ಇನ್ನೊಂದು ಖಂಡಕ್ಕೆ ಮೇಲ್ ಕಳಿಸಿ ಕಾಯಬೇಕಾಗಿರಲಿಲ್ಲ. ಆಸ್ಕರ್ ಅವರಿಗೇ ಬಂತು. ನಾನು ಅದನ್ನು ಮನೆಯಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ನೋಡಿದೆ. ಚಿಕ್ಕ ಮರದ ದೋಣಿ, ಹಿಂದೆ ಸಮುದ್ರ ಸೀಳಿಕೊಂಡು ಬರುವ ಆ ತಲೆ. ಟೀವಿ ಪರದೆಯಲ್ಲೇ ಕೈ ಬೆವರಿತು. ಯುದ್ಧದಿಂದ ಓಡಿಬಂದ ತಪ್ಪಿತಸ್ಥ ಭಾವನೆಯಲ್ಲಿ ಬದುಕುವ ಒಬ್ಬ ಪೈಲಟ್ ಆ ದೋಣಿಯಲ್ಲಿದ್ದಾನೆ. ಅವನ ಬಗ್ಗೆ ನಮಗೆ ಕಾಳಜಿ ಹುಟ್ಟಿರುತ್ತದೆ, ಅದಕ್ಕೇ ಆ ತಲೆ ಅಷ್ಟು ಭಾರ.

ಕೋಲಾರದ ಮಗಳು

ತೂಕದ ಮಾತು ಬಂದಾಗ ಕೆಜಿಎಫ್ ಯಾಕೆ ಯಾರೂ ಎತ್ತಲಿಲ್ಲ?

ನಮ್ಮ ತಾತ ಚಿನ್ನದ ಗಣಿಯಲ್ಲಿ ಇಳಿದು ಕೆಲಸ ಮಾಡಿದವರು. 2001ರಲ್ಲಿ ಗಣಿ ಮುಚ್ಚಿತು. ನಾನು ಬೆಳೆದದ್ದು ಆ ಸೈನೈಡ್ ದಿಬ್ಬಗಳನ್ನು ನೋಡಿಕೊಂಡು. ಹೊರಗಿನವರಿಗೆ ಅದು ಗುಡ್ಡ. ನಮಗೆ ಅದು ಚಿನ್ನ ತೆಗೆದುಕೊಂಡು ಬಿಟ್ಟುಹೋದ ಪುಡಿ, ಬೇಸಿಗೆ ಗಾಳಿ ಎದ್ದರೆ ಮನೆಯೊಳಗೆ ಬರುವ ದೂಳು. ಕೆಜಿಎಫ್ ಚಿತ್ರೀಕರಣ ಅಲ್ಲೇ ಆಯಿತು, ಆ ದಿಬ್ಬಗಳ ಮೇಲೆಯೇ ಸೆಟ್ ಹಾಕಿದ್ದರು. 2018ರಲ್ಲಿ ಮೊದಲ ಭಾಗ ನೋಡುವಾಗ ಕಥೆ ಕಟ್ಟುಕಥೆ ಅಂತ ಗೊತ್ತಿತ್ತು. ನರಾಚಿ ಅನ್ನುವ ಜಾಗ ಇಲ್ಲ, ರಾಕಿ ಅನ್ನುವವನು ಇಲ್ಲ. ಆದರೆ ಭುವನ್ ಗೌಡ ಅವರ ಕ್ಯಾಮೆರಾದಲ್ಲಿ ಆ ಮಸಿ ಹಿಡಿದ ಮುಖಗಳು ಕಂಡಾಗ ಪಕ್ಕದಲ್ಲಿದ್ದ ಅಮ್ಮ ನನ್ನ ಕೈ ಹಿಡಿದುಕೊಂಡರು. ಆ ದೂಳು ಸುಳ್ಳು ದೂಳಲ್ಲ. ಆ ಸಿನಿಮಾಕ್ಕೆ ಸಾಹಸಕ್ಕೂ ಸ್ಪೆಷಲ್ ಎಫೆಕ್ಟ್ಸ್‌ಗೂ ರಾಷ್ಟ್ರ ಪ್ರಶಸ್ತಿ ಬಂತು, ಸರಿ. ನನಗೆ ಅದಕ್ಕಿಂತ ದೊಡ್ಡದು ಆ ನೆಲ ಪರದೆ ಮೇಲೆ ಬಂದದ್ದು.

ಒಂದು ಬೇಸರವೂ ಇದೆ. ಎರಡನೇ ಭಾಗದಲ್ಲಿ ಗಣಿಯ ಜನ ಹಿಂದೆ ಸರಿದರು. ಎಲ್ಲರೂ ನಾಯಕನನ್ನು ನೋಡಿ ಕೈ ಎತ್ತುವ ಗುಂಪಾದರು. ಬಂದೂಕು ದೊಡ್ಡದಾಯಿತು, ಮುಖ ಚಿಕ್ಕದಾಯಿತು. ದುಡ್ಡು ಮಾಡಿತು, ಕನ್ನಡಕ್ಕೆ ಹೆಸರು ತಂದಿತು, ಅದಕ್ಕೆ ನನಗೆ ಹೆಮ್ಮೆ ಇದೆ. ಆದರೆ ನಾನು ಮತ್ತೆ ಮತ್ತೆ ನೋಡುವುದು ಮೊದಲನೆಯದನ್ನೇ.

ಫಸ್ಟ್ ಡೇ ಫಸ್ಟ್ ಶೋ

ಅಕ್ಕಾ, ನಾನು ಎರಡನೇ ಭಾಗದ ಕಟ್ಟಾ ಅಭಿಮಾನಿ, ಆರು ಸಲ ನೋಡಿದ್ದೇನೆ. ಆದರೆ ನಿಮ್ಮ ಅಮ್ಮ ಕೈ ಹಿಡಿದುಕೊಂಡರು ಅಂತ ಓದಿ ವಾದ ಮಾಡಬೇಕು ಅನ್ನಿಸ್ತಿಲ್ಲ.

ಶಿವಮೊಗ್ಗದ ಮೇಷ್ಟ್ರು

ನಾನು ನಿವೃತ್ತ ಶಿಕ್ಷಕ. 1968ರಲ್ಲಿ ಜೇಡರ ಬಲೆ ಬಂದಾಗ ಟೆಂಟಿನಲ್ಲಿ ನೆಲದ ಮೇಲೆ ಕೂತು ನೋಡಿದ್ದೆ. ರಾಜಕುಮಾರ್ ಸಿಐಡಿ 999. ಆ ಕಾಲಕ್ಕೆ ನಮಗೆ ಅದೇ ದೊಡ್ಡ ಬಜೆಟ್ಟು, ಅದೇ ವಿಜ್ಞಾನ. ಒಂದು ಗುಂಡಿ ಒತ್ತಿದರೆ ಬಾಗಿಲು ತೆರೆದುಕೊಳ್ಳುವುದನ್ನು ಕಂಡು ವಾರಗಟ್ಟಲೆ ಮಾತಾಡಿದ್ದೆವು.

ಒಂದು ವಿಷಯ ನಿಮ್ಮೆಲ್ಲರ ಗಮನಕ್ಕೆ ತರಬೇಕು. ನಿಜವಾದ ಸಾಹಸ ಬೇಕು, ನಿಜವಾಗಿ ಜಿಗಿಯಬೇಕು ಅಂತ ನಾವು ಅಭಿಮಾನಿಗಳು ಕೇಳುತ್ತೇವೆ. ಟಾಮ್ ಕ್ರೂಸ್ 2018ರ ಮಿಷನ್ ಇಂಪಾಸಿಬಲ್‌ಗಾಗಿ ವಿಮಾನದಿಂದ 106 ಸಲ ಜಿಗಿದರು ಅಂತ ಓದಿ ಸಂತೋಷಪಡುತ್ತೇವೆ. ಆ 106ರ ಹಿಂದೆ ತಿಂಗಳುಗಟ್ಟಲೆ ತರಬೇತಿ ಇತ್ತು, ಅದಕ್ಕೇ ಮಾಡಿಸಿದ ಆಮ್ಲಜನಕದ ಹೆಲ್ಮೆಟ್ ಇತ್ತು, ಜೊತೆಗೆ ನುರಿತ ಜಿಗಿತಗಾರರು ಇದ್ದರು. ನಮ್ಮಲ್ಲಿ 2016ರ ನವೆಂಬರ್‌ನಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ಏನಾಯಿತು, ನೆನಪಿದೆಯಾ? ಕ್ಲೈಮ್ಯಾಕ್ಸ್‌ಗೆ ಅಂತ ಹೆಲಿಕಾಪ್ಟರ್‌ನಿಂದ ನೀರಿಗೆ ಜಿಗಿದ ಇಬ್ಬರು ಕಲಾವಿದರು ಲೈಫ್ ಜಾಕೆಟ್ ಇಲ್ಲದೆ ಮುಳುಗಿ ಸತ್ತರು. ಅದು ಟೀವಿಯಲ್ಲಿ ಬಂತು. ಜಿಗಿಯುವ ಮುಂಚೆ ಅವರು ಆಡಿದ ಮಾತನ್ನೂ ತೋರಿಸಿದರು. ಈಜು ಅಷ್ಟಾಗಿ ಬಾರದವರು, ಆದರೂ ಒಳ್ಳೆ ಅವಕಾಶ ಅಂತ ಒಪ್ಪಿಕೊಂಡವರು. ನಾನು ಆ ರಾತ್ರಿ ಊಟ ಮಾಡಲಿಲ್ಲ.

ಆದ್ದರಿಂದ ರೋಟೋ ರಾತ್ರಿಯವರು ಹಗ್ಗ ಅಳಿಸುವ ಕೆಲಸ ಮಾಡುತ್ತೇನೆ ಅಂದಾಗ ನನಗೆ ಸಮಾಧಾನವಾಯಿತು. ಹಗ್ಗ ಕಟ್ಟಿ. ಎರಡು ಹಗ್ಗ ಕಟ್ಟಿ. ಆಮೇಲೆ ಅಳಿಸಿ. 2027ರಲ್ಲಿ ಬರುವ ಸಿನಿಮಾಗಳಿಂದ ಸಾಹಸ ವಿನ್ಯಾಸಕ್ಕೂ ಆಸ್ಕರ್ ಕೊಡುತ್ತಾರಂತೆ. ಇಷ್ಟು ವರ್ಷ ಬಿದ್ದವರಿಗೆ, ಮೂಳೆ ಮುರಿದುಕೊಂಡವರಿಗೆ ಕೊನೆಗೂ ಒಂದು ಹೆಸರು ಸಿಗುತ್ತದೆ.

ರೋಟೋ ರಾತ್ರಿ

ಮೇಷ್ಟ್ರೇ, ನಾನು ನೂರಾರು ಹಗ್ಗ ಅಳಿಸಿದ್ದೇನೆ. ಇನ್ನು ಮುಂದೆ ಅಳಿಸುವಾಗಲೆಲ್ಲ ನಿಮ್ಮ ಮಾತು ನೆನಪಾಗುತ್ತದೆ.

ಬಾಲ್ಕನಿ ಬಲಬದಿ

ಮೇಷ್ಟ್ರು ಹೇಳಿದ ಮೇಲೆ ಸಾಹಸದ ಬಗ್ಗೆ ನಾನು ಜಾಸ್ತಿ ಹೇಳಲ್ಲ. ಸೈಫೈ, ಅಂದರೆ ವಿಜ್ಞಾನದ ಕಲ್ಪನೆಯ ಸಿನಿಮಾಗಳ ಬಗ್ಗೆ ಬಾಕಿ ಇದೆ, ಅದನ್ನ ಹೇಳಿಬಿಡ್ತೀನಿ.

ಸೈಫೈನಲ್ಲಿ ತೂಕ ಇನ್ನೂ ಕಷ್ಟ, ಯಾಕಂದ್ರೆ ಯಾರೂ ಕಾಣದ ವಸ್ತುವನ್ನು ತೋರಿಸಬೇಕು. ನಿರ್ದೇಶಕ ಡೆನಿ ವಿಲ್ನವ್ ಇದನ್ನು ಚೆನ್ನಾಗಿ ಅರ್ಥ ಮಾಡಿಕೊಂಡ ಮನುಷ್ಯ. ಡ್ಯೂನ್ ಸಿನಿಮಾದಲ್ಲಿ ಡ್ರ್ಯಾಗನ್‌ಫ್ಲೈ ಹಾಗೆ ರೆಕ್ಕೆ ಬಡಿಯುವ ವಿಮಾನಗಳಿವೆಯಲ್ಲ, ಅವನ್ನು ನಿಜ ಗಾತ್ರದಲ್ಲೇ ಕಟ್ಟಿ ಜೋರ್ಡಾನ್‌ನ ಮರಳಿಗೆ ಸಾಗಿಸಿದ್ದರು. ಹಾರುವ ದೃಶ್ಯಕ್ಕೆ ಬುಡಾಪೆಸ್ಟ್ ಹತ್ತಿರ ಒಂದು ಗುಡ್ಡದ ಮೇಲೆ ವಿಮಾನದ ಮುಂಭಾಗ ಇಟ್ಟು, ಸುತ್ತಲೂ ಹಸಿರು ಪರದೆಯ ಜಾಗದಲ್ಲಿ ಮರಳಿನ ಬಣ್ಣದ ಪರದೆ ಕಟ್ಟಿದರು. ಯಾಕೆ ಅಂದರೆ ಹಸಿರು ಪರದೆ ಇಟ್ಟರೆ ನಟರ ಮುಖದ ಮೇಲೆ ಹಸಿರು ಬೆಳಕು ಬೀಳುತ್ತದೆ, ಆಮೇಲೆ ಅದನ್ನು ತೊಳೆಯಬೇಕು. ಮರಳಿನ ಬಣ್ಣ ಇಟ್ಟರೆ ಮರುಭೂಮಿಯ ಬೆಳಕೇ ಮುಖಕ್ಕೆ ಬೀಳುತ್ತದೆ. ಇಷ್ಟು ಚಿಕ್ಕ ತೀರ್ಮಾನ. ಆದರೆ ಅದನ್ನು ಚಿತ್ರೀಕರಣಕ್ಕೆ ಮುಂಚೆ ಮಾಡಬೇಕಾಗುತ್ತದೆ.

ಅವರದೇ ಬ್ಲೇಡ್ ರನ್ನರ್ 2049 ಬಂದಾಗ, 2017ರಲ್ಲಿ, ನಾನು ನೋಡಿದ ಆಟದಲ್ಲಿ ಹದಿನೈದು ಜನ ಇದ್ದರೋ ಏನೋ. ದುಡ್ಡು ಬರಲಿಲ್ಲ. ಆದರೆ ಆ ಕಿತ್ತಳೆ ಬಣ್ಣದ ಲಾಸ್ ವೇಗಸ್, ದೂಳಿನಲ್ಲಿ ನಡೆದುಬರುವ ಒಬ್ಬ ಮನುಷ್ಯ, ಸುತ್ತ ದೈತ್ಯ ಪ್ರತಿಮೆಗಳು. ಛಾಯಾಗ್ರಾಹಕ ರಾಜರ್ ಡೀಕಿನ್ಸ್‌ಗೆ ಹದಿಮೂರು ಸಲ ನಾಮನಿರ್ದೇಶನವಾಗಿ ಕೈ ತಪ್ಪಿದ್ದ ಆಸ್ಕರ್ ಈ ಸಿನಿಮಾಕ್ಕೆ ಬಂತು. ಮಧ್ಯಂತರದಲ್ಲಿ ನಾಲ್ಕು ಜನ ಎದ್ದು ಹೋದರು, ಉಳಿದವರು ಕೊನೆವರೆಗೂ ಉಸಿರು ಬಿಗಿಹಿಡಿದು ಕೂತಿದ್ದೆವು. ಅಂಥ ಸಿನಿಮಾ ಸೋತಾಗ ಮುಂದಿನ ಹತ್ತು ನಿರ್ಮಾಪಕರು ಹೆದರುತ್ತಾರೆ, ಅದೇ ನನಗೆ ನೋವು.

ಇಂಟರ್‌ಸ್ಟೆಲ್ಲರ್ 2025ರಲ್ಲಿ ಮರುಬಿಡುಗಡೆ ಆದಾಗ ಟಿಕೆಟ್ ಸಿಗದೆ ಜನ ಒದ್ದಾಡಿದರು. ಹತ್ತು ವರ್ಷ ಹಳೆಯ ಸಿನಿಮಾ! ಅದರ ಕಪ್ಪುಕುಳಿಯನ್ನು ಭೌತವಿಜ್ಞಾನಿ ಕಿಪ್ ಥಾರ್ನ್ ಕೊಟ್ಟ ಸಮೀಕರಣಗಳಿಂದ ಮಾಡಿದ್ದು, ಕೆಲವು ಫ್ರೇಮ್ ಕಂಪ್ಯೂಟರ್‌ನಲ್ಲಿ ತಯಾರಾಗೋದಕ್ಕೆ 100 ಗಂಟೆವರೆಗೂ ಹಿಡಿದಿತ್ತು. ಮಾತು ಸರಿಯಾಗಿ ಕೇಳಿಸಲ್ಲ, ಸಂಗೀತ ನುಂಗಿಹಾಕುತ್ತದೆ ಅಂತ ಅವತ್ತೂ ದೂರು ಇತ್ತು, ಇವತ್ತೂ ಇದೆ, ನಾನೂ ಒಪ್ಪುತ್ತೇನೆ. ಆದರೆ ಬಾಹ್ಯಾಕಾಶದಲ್ಲಿರುವ ಅಪ್ಪ ಮನೆಯಿಂದ ಬಂದ ಇಪ್ಪತ್ಮೂರು ವರ್ಷದ ವಿಡಿಯೊ ಸಂದೇಶಗಳನ್ನು ಒಂದೇ ಸಲಕ್ಕೆ ಕೂತು ನೋಡುವ ದೃಶ್ಯದಲ್ಲಿ ಒಂದು ಸ್ಫೋಟವೂ ಇಲ್ಲ. ಇಡೀ ಸಿನಿಮಾದಲ್ಲಿ ಅತಿ ಭಾರದ ದೃಶ್ಯ ಅದೇ. ಊರು ಬಿಟ್ಟು ಹೊರದೇಶದಲ್ಲಿ ಕೆಲಸ ಮಾಡುವ ನಮ್ಮಣ್ಣ ಆ ದೃಶ್ಯ ನೋಡಿ ಆ ರಾತ್ರಿಯೇ ಮನೆಗೆ ಫೋನ್ ಮಾಡಿದ್ದ.

ತುಮಕೂರಿನ ಅಮ್ಮ

ಎಲ್ಲರ ಮಾತು ಓದಿದೆ. ನನ್ನ ಮಗ ಐದನೇ ಕ್ಲಾಸ್. 2022ರಲ್ಲಿ ಅವತಾರ್ ಎರಡನೇ ಭಾಗ ಕನ್ನಡಕ್ಕೆ ಡಬ್ ಆಗಿ ಬಂದಾಗ ಕರೆದುಕೊಂಡು ಹೋಗಿದ್ದೆ. ತುಂಬಾ ಚಿಕ್ಕವನು ಆಗ, ಆದರೂ ತಿಮಿಂಗಿಲದಂಥ ಪ್ರಾಣಿ ಕನ್ನಡದವರ ಜೊತೆ ಮಾತಾಡಿತು ಅಂತ ಊರೆಲ್ಲಾ ಹೇಳಿಕೊಂಡು ಬಂದ. ಡಬ್ಬಿಂಗ್ ಬೇಕೋ ಬೇಡವೋ ಅನ್ನೋ ಜಗಳಕ್ಕೆ ನಾನು ಬರಲ್ಲ, ನನ್ನ ಮಗನಿಗೆ ಅರ್ಥ ಆಯಿತು, ಅಷ್ಟು ಸಾಕು ನನಗೆ. ಈಗ ಅವನಿಗೆ ಫೋನಿನಲ್ಲಿ ಬರೋ ತುಂಡು ವಿಡಿಯೊಗಳೇ ಸಿನಿಮಾ ಆಗಿಬಿಟ್ಟಿವೆ. ನೀವು ಹೇಳುವ ತೂಕ ಅವನಿಗೆ ಗೊತ್ತಾಗೋ ಹಾಗೆ ಯಾವ ಸಿನಿಮಾದಿಂದ ಶುರು ಮಾಡಲಿ? ತುಂಬಾ ರಕ್ತ ಇರಬಾರದು.

ಬಾಲ್ಕನಿ ಬಲಬದಿ

ಜುರಾಸಿಕ್ ಪಾರ್ಕ್, 1993ರದ್ದು, ಮೊದಲನೆಯದು. ಒಂದೆರಡು ಕಡೆ ಹೆದರುತ್ತಾನೆ, ಪಕ್ಕದಲ್ಲಿ ಕೂತಿರಿ. ಎರಡು ಗಂಟೆಗೂ ಮೀರಿದ ಸಿನಿಮಾದಲ್ಲಿ ಡೈನೋಸಾರ್ ಕಾಣೋದು ಕಾಲು ಗಂಟೆಯಷ್ಟು ಮಾತ್ರ. ಉಳಿದ ಹೊತ್ತೆಲ್ಲ ನಾವು ಕಾಯುತ್ತಿರುತ್ತೇವೆ.

ಒಂದು ದೃಶ್ಯ ಅವನಿಗೆ ಮೊದಲೇ ಹೇಳಬೇಡಿ. ಮಳೆ, ಕತ್ತಲು, ಕಾರು ನಿಂತಿದೆ, ಎದುರಿಗೆ ಲೋಟದಲ್ಲಿ ನೀರು. ಆ ನೀರಿನಲ್ಲಿ ಉಂಗುರ ಏಳುತ್ತದೆ. ಡೈನೋಸಾರ್ ಇನ್ನೂ ಕಂಡಿಲ್ಲ, ಆದರೆ ಅದು ಎಷ್ಟು ಭಾರ ಅಂತ ಆ ಲೋಟ ಹೇಳಿಬಿಡುತ್ತದೆ. ಆ ಉಂಗುರ ಬರಿಸೋದಕ್ಕೆ ಎಫೆಕ್ಟ್ಸ್‌ನ ಮೈಕಲ್ ಲ್ಯಾಂಟಿಯೆರಿ ತುಂಬಾ ಒದ್ದಾಡಿದರಂತೆ. ಕೊನೆಗೆ ಗಿಟಾರ್ ಮೇಲೆ ಲೋಟ ಇಟ್ಟು ತಂತಿ ಮೀಟಿದಾಗ ಬಂತು. ಆಮೇಲೆ ಕಾರಿನ ಕೆಳಗಿನಿಂದ ಒಂದು ಗಿಟಾರ್ ತಂತಿ ಬಿಗಿದು, ಕೆಳಗೆ ಒಬ್ಬರು ಮಲಗಿಕೊಂಡು ಮೀಟಿದರು. ನೂರಾರು ಜನ, ಕೋಟಿಗಟ್ಟಲೆ ಡಾಲರ್, ಜನಕ್ಕೆ ಮೂವತ್ತು ವರ್ಷ ನೆನಪಿರೋದು ಒಂದು ತಂತಿ.

ರೋಟೋ ರಾತ್ರಿ

ಅಮ್ಮ, ಸಿನಿಮಾ ಮುಗಿದ ಮೇಲೆ ಎದ್ದು ಹೋಗಬೇಡಿ. ಹೆಸರುಗಳು ಬರುತ್ತವೆ. ಹಳೆಯ ಸಿನಿಮಾದಲ್ಲಿ ನಮ್ಮವರ ಹೆಸರು ಇರಲ್ಲ, ಆದರೆ ಜಂಗಲ್ ಬುಕ್ ಹಾಕಿದಾಗ ಕೊನೆವರೆಗೂ ಕೂರಿಸಿ. ನಮ್ಮ ಕಡೆಯ ಹೆಸರು ಎಷ್ಟು ಬರುತ್ತವೆ ಅಂತ ಎಣಿಸೋದಕ್ಕೆ ಹೇಳಿ. ಎಷ್ಟೋ ಜನರ ಹೆಸರು ಜಾಗ ಇಲ್ಲ ಅಂತ ಬಿಟ್ಟೂ ಹೋಗುತ್ತದೆ, ನನ್ನದೂ ಎರಡು ಸಿನಿಮಾದಲ್ಲಿ ಬಿಟ್ಟುಹೋಗಿದೆ. ಬಂದಿರುವವರದ್ದಾದರೂ ಒಂದು ಮಗು ಓದಲಿ.

ತುಮಕೂರಿನ ಅಮ್ಮ

ಭಾನುವಾರ ಮಧ್ಯಾಹ್ನ ನೋಡಿದೆವು. ದೀಪ ಆರಿಸಿ, ಫೋನ್ ಎಲ್ಲ ಅಡುಗೆಮನೆಯಲ್ಲಿ ಇಟ್ಟು. ಲೋಟದ ದೃಶ್ಯ ಬಂದಾಗ ಮಗ ನನ್ನ ಸೀರೆ ಸೆರಗು ಹಿಡಿದುಕೊಂಡು, ಅಮ್ಮಾ ಅದು ಬರ್ತಿದೆ ಅಂದ. ಏನು ಬರ್ತಿದೆ ಅಂತ ಅವನಿಗೆ ಯಾರೂ ಹೇಳಿರಲಿಲ್ಲ.

ಗಿಟಾರ್ ವಿಷಯ ಆಮೇಲೆ ಹೇಳಿದೆ. ಸಂಜೆ ಮಾವನ ಮನೆಗೆ ಓಡಿಹೋಗಿ ಗಿಟಾರ್ ತಂದ. ಸ್ಟೀಲ್ ಲೋಟ ಇಟ್ಟರೆ ಒಳಗೆ ಕಾಣಲಿಲ್ಲ, ಗಾಜಿನ ಲೋಟ ಇಟ್ಟ. ಮೊದಲ ಸಲ ನೀರು ಸುಮ್ನೆ ಒಂದು ಕಡೆಗೆ ಅಲುಗಿತು. ಎರಡನೇ ಸಲ ತಂತಿ ಬದಲಾಯಿಸಿದ, ಬರಲಿಲ್ಲ. ಎಂಟು ಗಂಟೆವರೆಗೂ ಮೀಟುತ್ತಾ ಕೂತ, ಊಟಕ್ಕೆ ಕರೆದರೂ ಬರಲಿಲ್ಲ. ಕೊನೆಗೆ ದಪ್ಪ ತಂತಿ ಮೀಟಿದಾಗ ನೀರಿನ ನಡುವೆ ದುಂಡಗೆ ಒಂದು ಉಂಗುರ ಎದ್ದಿತು, ಅದರ ಸುತ್ತ ಇನ್ನೊಂದು. ಅಜ್ಜಿಯನ್ನೂ ಕರೆದು ತೋರಿಸಿದ.